ಅಂಗದ ಭೇದ, ಲಿಂಗದ ಅಭೇದ

ಮಾನವನು ದೇಹದೊಡನೆ ಹುಟ್ಟುತ್ತಾನೆ, ದೇಹದೊಡನೆಯೇ ಬಾಳುತ್ತಾನೆ. ಆದರೆ ಅವನು ತನ್ನ ದೇಹವನ್ನು ತಾನು ಅರಿಯುವ ಮೊದಲೇ ನೆರೆಹೊರೆಯವರು ಅದರ ವಿಷಯದಲ್ಲಿ ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ತೊಟ್ಟಿಲ ಸುತ್ತ ನೆರೆದವರು ಕೂಸಿನ ಬೆರಳೆಣಿಸುತ್ತಾರೆ. ನೆತ್ತಿಯ ಸುಳಿ ನೋಡುತ್ತಾರೆ. ಕಿವಿಯ ಬಳಿ ಇರುವ ಚಿಕ್ಕ ರಂಧ್ರವನ್ನೂ ಬೆನ್ನಿನ ಮೇಲಿನ ಮಚ್ಚೆಯನ್ನೂ ಒಬ್ಬರಿಗೊಬ್ಬರು ತೋರಿಸುತ್ತಾರೆ. ಎಲ್ಲವೂ ಎಂದಿನಂತಿದ್ದರೆ ಸಂತೋಷ. ಒಂದು ಬೆರಳು ಹೆಚ್ಚಿದ್ದರೆ, ಒಂದು ಸುಳಿ ಎರಡಾಗಿದ್ದರೆ ಸಂದೇಹ. ಆ ಸಂದೇಹವು ಕೂಸಿನೊಡನೆಯೇ ಬೆಳೆದು, ಶಾಲೆಯಲ್ಲಿ ಹಾಸ್ಯವಾಗಿ, ಮದುವೆಯ ಮಾತಿನಲ್ಲಿ ಅಡ್ಡಿಯಾಗಿ ನಿಲ್ಲುತ್ತದೆ. ಹುಟ್ಟಿನಿಂದ ಬಂದ, ನೋವು ಕೊಡದ, ಕೆಲಸಕ್ಕೆ ಅಡ್ಡಬಾರದ ಅಂಗಭೇದವು ನಿಜವಾಗಿ ದೋಷವೇ? ಅಥವಾ ಅದನ್ನು ದೋಷವೆಂದು ಕಾಣುವ ದೃಷ್ಟಿಯಲ್ಲಿಯೇ ದೋಷವಿದೆಯೇ? ಈ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದುದಲ್ಲ. ಸಂಸಾರಸ್ಥನಾದ ಪ್ರತಿಯೊಬ್ಬ ಭಕ್ತನಿಗೂ ಸೇರಿದುದು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಒಕ್ಕಲುತನದ ಸೀಮೆ. ಇಲ್ಲಿಯ ರೈತನಿಗೆ ದನದ ಲಕ್ಷಣ ನೋಡುವುದು ಬಾಲ್ಯದಿಂದ ಬಂದ ವಿದ್ಯೆ. ದನದ ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಹಲ್ಲೆಣಿಸುತ್ತಾನೆ, ಗೊರಸು ನೋಡುತ್ತಾನೆ, ಬೆನ್ನಿನ ಮೇಲೆ, ಹಣೆಯ ಮೇಲೆ ಸುಳಿ ಎಲ್ಲಿದೆಯೆಂದು ಹುಡುಕುತ್ತಾನೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ, ಗೊರಸಿನಿಂದ ನಡಿಗೆ ತಿಳಿಯುತ್ತದೆ; ಇವೆರಡರಲ್ಲಿಯೂ ವಿವೇಕವಿದೆ. ಆದರೆ ಸುಳಿಯಿಂದ ಯಜಮಾನನ ಆಯುಸ್ಸು ತಿಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ರೋಮವು ಚರ್ಮದಿಂದ ಹೊರಡುವ ದಿಕ್ಕು ಒಂದೆಡೆ ಸುತ್ತಿಕೊಂಡರೆ ಅದೇ ಸುಳಿ. ಅದಕ್ಕೆ ಯಜಮಾನನ ಪರಿಚಯವೇ ಇಲ್ಲ.

ಎತ್ತನ್ನು ನೋಡಿದ ಅದೇ ಕಣ್ಣು ಹೆಣ್ಣು ನೋಡುವ ಶಾಸ್ತ್ರಕ್ಕೂ ಹೋಗುತ್ತದೆಂಬುದೇ ವಿಷಾದದ ಸಂಗತಿ. ಹುಡುಗಿಯ ಕಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿದ್ದರೆ ಗಂಡನನ್ನು ಆಳುವಳೆಂಬ ಮಾತು. ಹುಡುಗನ ನೆತ್ತಿಯಲ್ಲಿ ಎರಡು ಸುಳಿಯಿದ್ದರೆ ಎರಡು ಮದುವೆಯೆಂಬ ಮಾತು. ಕೈಯಲ್ಲಿ ಆರನೆಯ ಬೆರಳಿದ್ದರೆ ಒಬ್ಬರು ಅದೃಷ್ಟವೆನ್ನುವರು, ಮತ್ತೊಬ್ಬರು ಅರಿಷ್ಟವೆನ್ನುವರು. ಇಂಥ ಮಾತಿನಿಂದ ನಿಂತುಹೋದ ಸಂಬಂಧಗಳ ಕಥೆ ಯಾವ ಊರಿಗೂ ಹೊಸದಲ್ಲ. ಬೀಗರಾಗಬೇಕಾದವರು ಕಾರಣ ಹೇಳದೆ ಎದ್ದುಹೋಗುತ್ತಾರೆ. ಹೆಣ್ಣಿನ ತಾಯಿ ಒಳಗೆ ಕುಳಿತು ತನ್ನ ಬಸಿರನ್ನೇ ಹಳಿದುಕೊಳ್ಳುತ್ತಾಳೆ. ಹುಡುಗಿ ಅಂದಿನಿಂದ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಡೆಯುತ್ತಾಳೆ. ಯಾರಿಗೂ ಕೇಡು ಮಾಡದ ಒಂದು ಬೆರಳಿಗಾಗಿ ಒಂದು ಜೀವವು ಕುಗ್ಗಿತೆಂದರೆ, ಆ ಪಾಪದ ಲೆಕ್ಕ ಬೆರಳಿನ ಮೇಲೆ ಬೀಳುವುದಿಲ್ಲ. ನೋಡಿದವರ ಮೇಲೆ ಬೀಳುತ್ತದೆ.

ಬೆರಳು ಹೆಚ್ಚಾಗುವುದು ಹೇಗೆಂಬುದನ್ನು ಶರೀರಶಾಸ್ತ್ರವು ಚೆನ್ನಾಗಿ ತಿಳಿಸಿದೆ. ಗರ್ಭದಲ್ಲಿ ಕೈಯು ಮೊದಲು ಬೆರಳುಗಳಿಲ್ಲದ ಚಿಕ್ಕ ಹಲಗೆಯಂತಿರುತ್ತದೆ. ಗರ್ಭಕ್ಕೆ ಸುಮಾರು ಐದರಿಂದ ಎಂಟು ವಾರಗಳಾಗುವ ಅವಧಿಯಲ್ಲಿ ಆ ಹಲಗೆಯಲ್ಲಿ ಬೆರಳಿನ ಗೆರೆಗಳು ಮೂಡಿ, ನಡುವಣ ಕಣಗಳು ತಾವಾಗಿಯೇ ಅಳಿದು, ಬೆರಳುಗಳು ಬಿಡಿಬಿಡಿಯಾಗುತ್ತವೆ. ನಡುವಣ ಕಣಗಳು ಪೂರ್ಣವಾಗಿ ಅಳಿಯದಿದ್ದರೆ ಎರಡು ಬೆರಳು ಚರ್ಮದಿಂದ ಕೂಡಿಕೊಂಡಿರುತ್ತವೆ. ಕಾಲಿನ ಎರಡನೆಯ ಮತ್ತು ಮೂರನೆಯ ಬೆರಳುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಗೆರೆಯೊಂದು ಹೆಚ್ಚಾಗಿ ಮೂಡಿದರೆ ಕಿರುಬೆರಳ ಪಕ್ಕದಲ್ಲೋ ಹೆಬ್ಬೆರಳ ಪಕ್ಕದಲ್ಲೋ ಇನ್ನೊಂದು ಬೆರಳು ಬರುತ್ತದೆ. ಹಲವು ಮನೆತನಗಳಲ್ಲಿ ಇದು ತಂದೆತಾಯಿಗಳಿಂದ ಮಕ್ಕಳಿಗೆ, ಮೂಗಿನ ಆಕಾರ ಬಂದಂತೆ ಬರುತ್ತದೆ. ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದುದೂ, ಕುಡುಗೋಲು ಹಿಡಿದುದೂ ಇದಕ್ಕೆ ಕಾರಣವಲ್ಲ. ಗ್ರಹಣವು ಸೂರ್ಯ ಚಂದ್ರರ ನೆರಳಿನ ಆಟ. ಗರ್ಭದೊಳಗಿನ ಬೆರಳನ್ನು ಮುಟ್ಟುವ ಕೈ ಅದಕ್ಕಿಲ್ಲ.

ಹೊರಗೆ ಕಾಣುವ ಇಂಥ ಭೇದಗಳು ಇನ್ನೂ ಅನೇಕ. ಕೆಲವರ ಕಿವಿಯ ಮುಂದೆ, ಕಪೋಲಕ್ಕೆ ಕಿವಿ ಸೇರುವೆಡೆಯಲ್ಲಿ, ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಬಾವು ಬಂದು ಕೀವು ಕಟ್ಟದಿರುವವರೆಗೆ ಅದರಿಂದ ತೊಂದರೆಯಿಲ್ಲ. ಅನೇಕ ಭಾರತೀಯ ಶಿಶುಗಳ ಸೊಂಟದ ಮೇಲೆ, ಬೆನ್ನಿನ ಕೆಳಗೆ ನೀಲಿಯ ಮಚ್ಚೆ ಇರುತ್ತದೆ. ಪೆಟ್ಟು ಬಿದ್ದಿತೆಂದು ಹೊಸ ತಾಯಂದಿರು ಅಂಜುವುದುಂಟು. ಕೆಲವು ವರ್ಷಗಳಲ್ಲಿ ಅದು ತಾನಾಗಿ ಮಾಸುತ್ತದೆ. ಕೆಲವರ ನಾಲಗೆಯ ಮೇಲೆ ಆಳವಾದ ಗೆರೆಗಳಿರುತ್ತವೆ. ಕೆಲವರ ಅಂಗೈಯಲ್ಲಿ ಎರಡು ರೇಖೆಗಳ ಬದಲು ಒಂದೇ ರೇಖೆ ಅಡ್ಡಲಾಗಿ ಹಾಯ್ದಿರುತ್ತದೆ. ಪೂರ್ಣ ಆರೋಗ್ಯವಂತರಲ್ಲಿಯೂ ನೂರಕ್ಕೆ ಕೆಲವರಲ್ಲಿ ಇದು ಕಾಣುತ್ತದೆ. ಮೈ ಸೊರಗಿದಾಗ ಎದೆಯೆಲುಬಿನ ಕೆಳತುದಿ ಕೈಗೆ ಗಟ್ಟಿಯಾಗಿ ತಗುಲಿ, ಗಂಟು ಹುಟ್ಟಿತೆಂದು ದಿಗಿಲುಗೊಳ್ಳುವವರಿದ್ದಾರೆ. ಅದು ಎಲ್ಲರಿಗೂ ಇರುವ ಎಲುಬೇ, ಕೆಲವರಲ್ಲಿ ಮುಂದಕ್ಕೆ ಚಾಚಿರುತ್ತದೆ. ಜೋಡಿಯಾಗಿರುವ ಅಂಗಗಳು ಯಾರಲ್ಲಿಯೂ ತಕ್ಕಡಿಯಲ್ಲಿ ತೂಗಿದಂತಿರುವುದಿಲ್ಲ. ಮುಖದ ಎಡಬಲಗಳು, ಎರಡು ಪಾದಗಳು, ಸ್ತ್ರೀಯರ ಸ್ತನಗಳು, ಪುರುಷರ ವೃಷಣಗಳು ಅಷ್ಟಿಷ್ಟು ವ್ಯತ್ಯಾಸವುಳ್ಳವೇ. ಪ್ರಾಯಕ್ಕೆ ಬಂದ ಮಕ್ಕಳು ಇದನ್ನು ಯಾರಲ್ಲಿಯೂ ಕೇಳಲಾರದೆ, ತಮಗೊಬ್ಬರಿಗೇ ಏನೋ ಕೊರತೆಯೆಂದು ಒಳಗೊಳಗೆ ಬೇಯುತ್ತಾರೆ. ಪೇಟೆಯ ನಕಲಿ ವೈದ್ಯರು ಆ ಬೇಗೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ.

ಕಾಣದ ಭೇದಗಳಾದರೋ ಇವಕ್ಕಿಂತ ಹೆಚ್ಚು. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ತುಸು ಮುಂದಕ್ಕೆ ಬಾಗಿಸಿದರೆ, ಬಹುಜನರ ಮಣಿಕಟ್ಟಿನ ನಡುವೆ ಹುರಿಯಂಥ ನರವೊಂದು ಉಬ್ಬಿ ನಿಲ್ಲುತ್ತದೆ. ಜನರು ನರವೆನ್ನುವ ಇದು ನಿಜವಾಗಿ ಒಂದು ಸ್ನಾಯುವಿನ ಕಟ್ಟು. ಕೆಲವರಿಗೆ ಒಂದು ಕೈಯಲ್ಲಿ, ಕೆಲವರಿಗೆ ಎರಡು ಕೈಗಳಲ್ಲಿಯೂ ಇದು ಇರುವುದೇ ಇಲ್ಲ. ಜನಾಂಗದಿಂದ ಜನಾಂಗಕ್ಕೆ ಪ್ರಮಾಣ ಬೇರೆಯಾದರೂ, ನೂರಕ್ಕೆ ಸುಮಾರು 15 ಮಂದಿಗೆ ಇಲ್ಲವೆಂದು ಪಠ್ಯಗ್ರಂಥಗಳು ಸಾಮಾನ್ಯವಾಗಿ ಹೇಳುತ್ತವೆ. ಇಲ್ಲದವರ ಹಿಡಿತ ಕುಂದುವುದಿಲ್ಲ. ಇದ್ದವರಲ್ಲಿಯೂ ಇದನ್ನು ತೆಗೆದು ಬೇರೆಡೆಯ ಕೈಗಾಯವನ್ನು ಸರಿಪಡಿಸಲು ಶಸ್ತ್ರವೈದ್ಯರು ಬಳಸುತ್ತಾರೆ. ಮೂತ್ರಪಿಂಡಗಳೆರಡೂ ಕೆಳತುದಿಯಲ್ಲಿ ಕೂಡಿಕೊಂಡು ಕುದುರೆಯ ಲಾಳದಂತಿರುವುದು ಸುಮಾರು 500 ಜನರಲ್ಲಿ ಒಬ್ಬರಿಗೆ. ಹುಟ್ಟಿನಿಂದಲೇ ಒಂದೇ ಮೂತ್ರಪಿಂಡವಿರುವವರು ಸುಮಾರು ಸಾವಿರಕ್ಕೆ ಒಬ್ಬರು. ಗುಲ್ಮದ ಪಕ್ಕದಲ್ಲಿ ಪುಟ್ಟದೊಂದು ಉಪಗುಲ್ಮವಿರುವವರು ನೂರಕ್ಕೆ ಸುಮಾರು 10. ಹೃದಯವು ಬಲಕ್ಕೆ, ಯಕೃತ್ತು ಎಡಕ್ಕೆ, ಹೀಗೆ ಒಳಗಿನ ಅಂಗಗಳೆಲ್ಲ ಕನ್ನಡಿಯ ಬಿಂಬದಂತೆ ತಿರುಗಿರುವವರು ಸುಮಾರು 10,000ಕ್ಕೆ ಒಬ್ಬರು. ಭ್ರೂಣವು ಅತಿ ಚಿಕ್ಕದಾಗಿರುವಾಗಲೇ ಸೂಕ್ಷ್ಮವಾದ ರೋಮಗಳು ಬೀಸಿ ದ್ರವವನ್ನು ಒಂದು ಕಡೆಗೆ ಹರಿಸುತ್ತವೆ. ಎಡ ಯಾವುದು, ಬಲ ಯಾವುದು ಎಂಬುದು ಆ ಹರಿವಿನಿಂದಲೇ ನಿಶ್ಚಯವಾಗುತ್ತದೆ. ಹೀಗೆ ತಿರುಗಿದ ಅಂಗಗಳುಳ್ಳವರಲ್ಲಿ ಬಹುಮಂದಿ ಉತ್ತಿದ್ದಾರೆ, ಬಿತ್ತಿದ್ದಾರೆ, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದಾರೆ. ತಮ್ಮ ಹೃದಯ ಬಲಕ್ಕಿದೆಯೆಂಬುದನ್ನು ಎಂದೂ ಅರಿಯದೆ ಹೋದವರೂ ಉಂಟು.

ಈ ವಿಷಯದಿಂದ ಒಂದು ತೀರ್ಮಾನ ತಾನಾಗಿ ಹೊರಡುತ್ತದೆ. ಆರನೆಯ ಬೆರಳಿಗಾಗಿ ಹೆಣ್ಣನ್ನು ಬಿಟ್ಟುಹೋದ ಹಿರಿಯರ ಮಣಿಕಟ್ಟಿನಲ್ಲಿಯೇ ಆ ಹುರಿ ಇಲ್ಲದಿರಬಹುದು. ಅವರು ಮೆಚ್ಚಿ ತಂದ ಸೊಸೆಗೆ ಒಂದೇ ಮೂತ್ರಪಿಂಡವಿರಬಹುದು. ಕಂಡದ್ದನ್ನು ಹಳಿದು ಕಾಣದ್ದನ್ನು ಒಪ್ಪಿದವರು ನ್ಯಾಯ ಮಾಡಿದವರಲ್ಲ, ಕಣ್ಣಿಗೆ ಬಿದ್ದದ್ದಕ್ಕೆ ದಂಡ ಹಾಕಿದವರು. ಭೇದವಿಲ್ಲದ ದೇಹವೇ ಇಲ್ಲವೆಂದ ಮೇಲೆ, ಭೇದವನ್ನು ದೋಷವೆನ್ನುವವನು ತನ್ನನ್ನೂ ಸೇರಿಸಿಯೇ ಹೇಳಬೇಕಾಗುತ್ತದೆ.

ಹಾಗಾದರೆ ದೇಹಕ್ಕೆ ಅಳತೆಯೇ ಇಲ್ಲವೇ ಎಂದು ಕೇಳಬಹುದು. ಅಳತೆಯುಂಟು, ಅದು ಎಲ್ಲಿಗೆ ಸಲ್ಲುತ್ತದೆಂಬುದನ್ನು ಅರಿಯಬೇಕು. ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಕಡೆದ ಮದನಿಕೆಯರಿದ್ದಾರೆ. ತಾಳಮಾನದ ಲೆಕ್ಕ ಹಿಡಿದು ಮುಖಕ್ಕಿಷ್ಟು, ತೋಳಿಗಿಷ್ಟು, ಬೆರಳಿಗಿಷ್ಟು ಎಂದು ಅಳೆದು ಕಡೆಯುವುದು ಶಿಲ್ಪಶಾಸ್ತ್ರದ ವಿಧಿ. ಕಲ್ಲಿಗೆ ಆ ಅಳತೆ ಒಪ್ಪುತ್ತದೆ. ಏಕೆಂದರೆ ಕಲ್ಲು ಬೆಳೆಯುವುದಿಲ್ಲ, ಉಸಿರಾಡುವುದಿಲ್ಲ, ತಂದೆತಾಯಿಗಳನ್ನು ಹೋಲುವುದಿಲ್ಲ. ನಿಂತುದು ಸ್ಥಾವರ, ನಡೆಯುವುದು ಜಂಗಮ ಎಂದು ವಿವೇಚಿಸಿದವರು ಶರಣರು. ಸ್ಥಾವರದ ಅಳತೆಯನ್ನು ಜಂಗಮದ ಮೇಲೆ ಹೇರುವುದು ಆ ವಿವೇಚನೆಯನ್ನು ಮರೆತಂತೆಯೇ ಸರಿ.

ಶಾಸ್ತ್ರಕಾರರ ಎಣಿಕೆಯೂ ಇದನ್ನೇ ಸೂಚಿಸುತ್ತದೆ. ಮಾನವದೇಹದ ಎಲುಬುಗಳು 360 ಎಂದು ಚರಕಸಂಹಿತೆ, 300 ಎಂದು ಸುಶ್ರುತಸಂಹಿತೆ; ವಯಸ್ಕರಲ್ಲಿ ಸಾಮಾನ್ಯವಾಗಿ 206 ಎಂದು ಇಂದಿನ ಶಾಸ್ತ್ರ. ಎಣಿಸುವ ಕ್ರಮ ಬೇರೆಯಾದುದರಿಂದ ಸಂಖ್ಯೆ ಬೇರೆಯಾಯಿತು. ಹುಟ್ಟಿದ ಕೂಸಿನಲ್ಲಿ ಬಿಡಿಬಿಡಿಯಾಗಿರುವ ಎಷ್ಟೋ ಎಲುಬುಗಳು ಬೆಳೆದಂತೆ ಕೂಡಿಕೊಳ್ಳುತ್ತವೆ ಕೂಡ. ಇಷ್ಟಾಗಿಯೂ 206 ಎಂಬುದು ಬಹುಜನರ ಲೆಕ್ಕವೇ ಹೊರತು ಎಲ್ಲರಿಗೂ ವಿಧಿಸಿದ ಆಜ್ಞೆಯಲ್ಲ. ಕತ್ತಿನ ಬುಡದಲ್ಲಿ ಒಂದು ಪಕ್ಕೆಲುಬು ಹೆಚ್ಚಿರುವವರೂ, ಸೊಂಟದ ಮಣಿ ಐದರ ಬದಲು ಆರಾಗಿರುವವರೂ ನಮ್ಮ ನಡುವೆ ಇದ್ದಾರೆ. ಮೃತದೇಹವನ್ನು ಹರಿಯುವ ನೀರಿನಲ್ಲಿಟ್ಟು, ಬಳಿಕ ಮೆಲ್ಲಮೆಲ್ಲನೆ ಉಜ್ಜಿ, ಪದರು ಪದರಾಗಿ ಕಣ್ಣಾರೆ ನೋಡಬೇಕೆಂದು ಸುಶ್ರುತನು ಹೇಳಿದನು. ಯುರೋಪಿನಲ್ಲಿ 1543ರಲ್ಲಿ ವೆಸೇಲಿಯಸ್ ಎಂಬ ಪಂಡಿತನು ತಾನು ಕಣ್ಣಾರೆ ಕಂಡ ದೇಹರಚನೆಯನ್ನು ಗ್ರಂಥವಾಗಿ ಪ್ರಕಟಿಸಿ, ಪ್ರಾಣಿಗಳ ದೇಹವನ್ನು ನೋಡಿ ಬರೆದ ಹಳೆಯ ಮಾತುಗಳನ್ನು ತಿದ್ದಿದನು. ಇಬ್ಬರ ಪಾಠವೂ ಒಂದೇ: ಕೇಳಿದ್ದನ್ನು ನಂಬುವ ಮೊದಲು ಇರುವುದನ್ನು ನೋಡು.

ಈ ಸೀಮೆಯ ಮಕ್ಕಳು ವೈದ್ಯವಿದ್ಯೆ ಕಲಿಯಲು ಹೋಗುವ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜು 1961ರಲ್ಲಿಯೂ, ದಾವಣಗೆರೆಯ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು 1965ರಲ್ಲಿಯೂ ಆರಂಭವಾದವು. ಇಂಥ ಕಾಲೇಜುಗಳಲ್ಲಿ ಅಂಗರಚನೆಯ ಪಾಠವು ದಾನವಾಗಿ ಬಂದ ದೇಹಗಳ ಮೇಲೆ ನಡೆಯುತ್ತದೆ. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು, ಬೈಲಹೊಂಗಲದ ವೈದ್ಯರಾಗಿದ್ದ ತಮ್ಮ ತಂದೆಯ ಇಚ್ಛೆಯಂತೆ, ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ತೆರೆದು ಪಾಠ ಹೇಳಿದರು. ಮಗನ ಕೈ ತಂದೆಯ ದೇಹವನ್ನು ತೆರೆಯಿತೆಂದು ಅಂದು ಹಲವರು ಬೆರಗಾದರು. ದೇಹದಲ್ಲಿ ಸೂತಕವನ್ನು ಕಾಣದೆ ಅರಿವನ್ನು ಕಾಣುವ ಮನಸ್ಸಿಗೆ ಅದು ಕಾಯಕವೇ. ಪಠ್ಯಗ್ರಂಥದ ಚಿತ್ರವನ್ನು ಹೂಬೆಹೂಬು ಹೋಲುವ ದೇಹವು ಸಿಕ್ಕುವುದು ಅಪರೂಪವೆಂಬುದು ಅಂಥ ಮೇಜಿನ ಬಳಿ ನಿಂತ ವಿದ್ಯಾರ್ಥಿಗಳೆಲ್ಲ ಮೊದಲು ಕಲಿಯುವ ಪಾಠ.

ಇನ್ನು ಶರಣರ ಉಪದೇಶದ ಬೆಳಕಿನಲ್ಲಿ ಇದನ್ನು ನೋಡಬೇಕು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಅವರು ತಳ್ಳಿಹಾಕಿದರು. ದೇಹದಿಂದ ಹೊರಟುದರಲ್ಲಿಯೇ ಮೈಲಿಗೆಯನ್ನು ಒಪ್ಪದವರು ದೇಹದ ಮೇಲೆ ಮೂಡಿದ ಬೆರಳಿನಲ್ಲಿ, ಮಚ್ಚೆಯಲ್ಲಿ ಅಮಂಗಲವನ್ನು ಒಪ್ಪಿಯಾರೇ? ಬಸವಣ್ಣನವರು ದೇಹವನ್ನು ದೇಗುಲವೆಂದು ಕಂಡಾಗ ಅಂಗಲಕ್ಷಣ ಪರೀಕ್ಷಿಸಿ ಕಂಡವರಲ್ಲ. ಸಿರಿವಂತನು ಕಟ್ಟಿಸುವ ಕಲ್ಲಿನ ಗುಡಿಗೆ ಸಮನಾಗಿ ಬಡವನ ಮೈಯನ್ನು ನಿಲ್ಲಿಸಿದರು. ಆ ಮೈ ದುಡಿದು ಒರಟಾದ ಮೈ; ಬಿಸಿಲಿಗೆ ಕಪ್ಪಾದ, ಬೆರಳು ಸೊಟ್ಟಾದ ಮೈ. ದೀಕ್ಷೆಯ ಹೊತ್ತಿನಲ್ಲಿ ಗುರುವು ಲಿಂಗವನ್ನು ಕರಸ್ಥಲಕ್ಕೆ ಕೊಡುವನಲ್ಲದೆ ಬೆರಳೆಣಿಸಿ ಕೊಡುವನೇ?

ಕರಸ್ಥಲದ ವಿಷಯದಲ್ಲಿ ಇನ್ನೊಂದು ಮಾತನ್ನು ಭಕ್ತರು ನೆನೆಯಬೇಕು. ಇಷ್ಟಲಿಂಗವು ಪೂಜೆಯ ಹೊತ್ತಿಗೆ ನೆಲೆಗೊಳ್ಳುವುದು ಎಡಗೈಯಲ್ಲಿ. ಲೋಕವು ಕೀಳೆಂದು ತಳ್ಳಿದ ಕೈಯೇ ಲಿಂಗಕ್ಕೆ ಪೀಠವಾಯಿತು. ಹೀಗಿದ್ದೂ ಎಡಗೈಯಲ್ಲಿ ಬರೆಯುವ, ಎಡಗೈಯಲ್ಲಿ ಉಣ್ಣಹೋಗುವ ಮಗುವಿನ ಕೈಗೆ ಬಡಿಯುವವರು ಭಕ್ತರ ಮನೆಗಳಲ್ಲಿಯೂ ಇದ್ದಾರೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು 10 ಮಂದಿ ಎಡಗೈಯವರು; ಅದು ಹಟವಲ್ಲ, ಕೆಟ್ಟ ಅಭ್ಯಾಸವಲ್ಲ, ಹುಟ್ಟಿನ ಒಲವು. ದಿನಕ್ಕೊಮ್ಮೆಯಾದರೂ ಎಡಗೈಯನ್ನು ಕಣ್ಣೆತ್ತರಕ್ಕೆ ಹಿಡಿದು ದೃಷ್ಟಿಯಿಡುವವನು ಮಗುವಿನ ಎಡಗೈಗೆ ಬಡಿದರೆ, ತನ್ನ ಪೂಜೆಯನ್ನು ತಾನೇ ಓದಿಕೊಳ್ಳಲಿಲ್ಲವೆಂದೇ ಅರ್ಥ.

ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವು ಪ್ರಸಿದ್ಧವಾದುದು. ವಜ್ರದಂತೆ ಗಟ್ಟಿಯಾದ, ಕೊರತೆಯಿಲ್ಲದ ಕಾಯವನ್ನು ಸಾಧಿಸಿದೆನೆಂದು ಗೋರಕ್ಷನು ಹೆಮ್ಮೆಪಟ್ಟನು. ಖಡ್ಗದಿಂದ ಹೊಡೆದಾಗ ಅವನ ಕಾಯವು ಖಣಿಲೆಂದು ನುಡಿಯಿತು. ಅದೇ ಖಡ್ಗವು ಅಲ್ಲಮಪ್ರಭುದೇವರಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಕಾಯದ ಪೂರ್ಣತೆಯೇ ಸಿದ್ಧಿಯೆಂದು ತಿಳಿದವನಿಗೆ ಪ್ರಭುವು ಕಲಿಸಿದ ಪಾಠವಿದು. ಪೂರ್ಣಕಾಯದ ಹೆಮ್ಮೆ ಸಲ್ಲದಾದರೆ ಭಿನ್ನಕಾಯದ ನಾಚಿಕೆಯೂ ಸಲ್ಲದು. ಎರಡೂ ದೇಹವನ್ನೇ ಹಿಡಿದು ತೂಗುವ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಆರು ಬೆರಳಿನವನನ್ನು ಭಾಗ್ಯವಂತನೆಂದು ಹೊಗಳುವುದೂ ಈ ಕಾರಣದಿಂದ ಸರಿಯಲ್ಲ. ಇಂದು ಬೆರಳಿಗೆ ಭಾಗ್ಯವನ್ನು ಕಟ್ಟಿದವರು ನಾಳೆ ಮನೆಯಲ್ಲಿ ಕಷ್ಟ ಬಂದಾಗ ಅದೇ ಬೆರಳಿಗೆ ಹಣೆಬರಹವನ್ನೂ ಕಟ್ಟುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಭೇದವೆಲ್ಲ ನಿರಪಾಯವೆಂದು ಕೈಕಟ್ಟಿ ಕೂಡುವುದು ವಿವೇಕವಲ್ಲ, ಅದು ಸೋಮಾರಿತನ. ಸೀಳುತುಟಿ, ಒಳತಿರುಗಿದ ಪಾದ ಇವುಗಳಿಗೆ ಎಳವೆಯಲ್ಲಿಯೇ ಉತ್ತಮ ಚಿಕಿತ್ಸೆಯುಂಟು. ಗಂಡುಕೂಸಿನ ವೃಷಣವು ಆರು ತಿಂಗಳಾದರೂ ಚೀಲಕ್ಕೆ ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಹುಟ್ಟಿನಿಂದ ಇದೆಯೇ, ಹೊಸದೇ? ಇದ್ದಂತೆಯೇ ಇದೆಯೇ, ಬೆಳೆಯುತ್ತಿದೆಯೇ? ನೋವು, ರಕ್ತ, ಬಣ್ಣದ ಬದಲಾವಣೆ ಉಂಟೇ? ಕೆಲಸಕ್ಕೆ ಅಡ್ಡಿಯೇ? ಈ ನಾಲ್ಕು ಪ್ರಶ್ನೆಗಳನ್ನು ಮನೆಯವರು ಕೇಳಿಕೊಳ್ಳಬೇಕು. ಹೊಸದಾಗಿ ಬಂದುದನ್ನೂ ಬದಲಾಗುತ್ತಿರುವುದನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆರನೆಯ ಬೆರಳಿನ ಕೂಸನ್ನು ಕೂಡ ಒಮ್ಮೆ ತೋರಿಸುವುದು ಲೇಸು. ಕೆಲವೊಮ್ಮೆ ಅದರೊಡನೆ ಒಳಗಿನ ಬೇರೆ ತೊಂದರೆ ಇರುವುದುಂಟು. ಆದರೆ ಬೆರಳಿಗೆ ದಾರವನ್ನೋ ಕೂದಲನ್ನೋ ಬಿಗಿದು ಉದುರಿಸುವುದು, ಮಚ್ಚೆಗೆ ಸುಣ್ಣ ಹಚ್ಚುವುದು, ಎಳೆಗೂಸಿಗೆ ಚುಟಿಗೆ ಹಾಕುವುದು ಇವೆಲ್ಲ ರಕ್ತಸ್ರಾವಕ್ಕೂ ನಂಜಿಗೂ ದಾರಿ. ನಿರಪಾಯವಾಗಿದ್ದುದನ್ನು ಅಪಾಯವಾಗಿ ಮಾಡುವ ಕೈ ಮನುಷ್ಯನದೇ.

ಬೆರಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸುವುದು ತಪ್ಪೇ ಎಂದರೆ, ತಪ್ಪಲ್ಲ. ಕುಡುಗೋಲಿನ ಹಿಡಿಗೆ, ಬಳೆಗೆ ತೊಡಕಾಗುವ ಬೆರಳನ್ನು ತೆಗೆಸಿದರೆ ಅದು ಸೌಕರ್ಯದ ಮಾತು. ಯಾವ ತೊಡಕೂ ಇಲ್ಲದೆ ಬರಿಯ ಅಂಜಿಕೆಯಿಂದ ತೆಗೆಸುವುದಾದರೆ, ಮೊದಲು ಚಿಕಿತ್ಸೆ ಬೇಕಾದುದು ಅಂಜಿಕೆಗೆ. ಮದುವೆಯ ಮಾತಿನಲ್ಲಿಯೂ ಮುಚ್ಚಿಡುವುದು ಬೇಡ. ಮುಚ್ಚಿಟ್ಟದ್ದು ಮುಂದೆ ತೆರೆದಾಗ ಮೋಸವೆನಿಸಿಕೊಳ್ಳುತ್ತದೆ. ಮಗಳಿಗೂ ತನ್ನ ಕೈ ಅಪರಾಧವೆಂಬ ಪಾಠವಾಗುತ್ತದೆ. ಇರುವುದನ್ನು ಇರುವಂತೆ, ದನಿ ತಗ್ಗಿಸದೆ, ಕ್ಷಮೆ ಬೇಡದೆ ಹೇಳುವ ತಂದೆಯು ಮಗಳಿಗೆ ಒಡವೆಗಿಂತ ದೊಡ್ಡದನ್ನು ಕೊಟ್ಟನು. ಕೇಳಿದ ಬೀಗರು ಗುಣವನ್ನೂ ಆರೋಗ್ಯವನ್ನೂ ವಿಚಾರಿಸಿ, ಬೆರಳನ್ನು ಬೆರಳಾಗಿಯೇ ಬಿಟ್ಟರೆ ಅವರ ಕೊರಳ ಲಿಂಗಕ್ಕೆ ಶೋಭೆ.

ಮಾಘಮಾಸದಲ್ಲಿ ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಸಹಸ್ರಾರು ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯ ಧೂಳಿನಲ್ಲಿ ಹೆಜ್ಜೆಗಳ ಗುರುತು ನೋಡಿದರೆ ತಿಳಿಯುತ್ತದೆ: ಒಂದು ಪಾದ ಚಪ್ಪಟೆ, ಒಂದು ಕಮಾನು, ಒಂದರಲ್ಲಿ ಹೆಬ್ಬೆರಳು ಮುಂದು, ಇನ್ನೊಂದರಲ್ಲಿ ಎರಡನೆಯ ಬೆರಳು ಮುಂದು, ಎಲ್ಲೋ ಒಂದರಲ್ಲಿ ಆರು ಬೆರಳಿನ ಗುರುತು. ಎಲ್ಲ ಹೆಜ್ಜೆಗಳ ಮುಖವೂ ಕೊಟ್ಟೂರಿನ ಕಡೆಗೇ. ದಾರಿಯಲ್ಲಿ ದಾಸೋಹದ ಅನ್ನ ನೀಡುವವರು ಯಾರ ಪಾದವನ್ನೂ ಎಣಿಸುವುದಿಲ್ಲ, ಚಾಚಿದ ಕೈಯ ಬೆರಳನ್ನೂ ಎಣಿಸುವುದಿಲ್ಲ. ತೇರಿನ ದಾರಿಯಲ್ಲಿ ಭಕ್ತರು ಮೂರು ದಿನ ಪಾಲಿಸುವ ಈ ಧರ್ಮವನ್ನು ಮನೆಗೆ ಮರಳಿದ ಮೇಲೆ ತೊಟ್ಟಿಲ ಬಳಿಯಲ್ಲಿಯೂ, ಹೆಣ್ಣು ನೋಡುವ ಹಾಸಿಗೆಯ ಮೇಲೆಯೂ ಪಾಲಿಸಿದರೆ ಸಾಕು. ಎಷ್ಟೋ ಮಕ್ಕಳ ಕೈಗಳು ಸೆರಗಿನ ಮರೆಯಿಂದ ಹೊರಗೆ ಬಂದಾವು.